ಹದಿನಾಲ್ಕು ಗಂಟೆಯ ಒಳಗೆ ನನ್ನ ಹೆಂಡತಿ

ನಮ್ಮ ಮನೆಯಲ್ಲಿ ಓಡುವುದು ನನ್ನ ಹೆಂಡತಿ, ಊರಿಗೆ ಉತ್ತರ ಹೇಳುವುದು ನಾನು. ಮದುವೆಯಾದಂದಿನಿಂದ ಕೆಲಸ ಹೀಗೆಯೇ ಹಂಚಿಹೋಗಿದೆ. ಆದ್ದರಿಂದ ನಗುವ ಸಂಗತಿಗಳಿಗೆ ನಮ್ಮಲ್ಲಿ ಯಾವತ್ತೂ ಬರಗಾಲ ಬರಲಿಲ್ಲ.

ಅವಳು ಉಡುಪಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್. ನಾನು ಮಣಿಪಾಲದ ಒಂದು ಕಚೇರಿಯಲ್ಲಿ ಗುಮಾಸ್ತ, ಬಸ್ಸು ಹಿಡಿಯಲು ಕೂಡ ಓಡದವನು. ಎಂಬತ್ತರ ದಶಕದ ನಡುವಿನಲ್ಲಿ ನಾವಿಬ್ಬರು ಮತ್ತು ನನ್ನ ತಾಯಿ ಕಡಿಯಾಳಿಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅವಳ ಅಕ್ಕ ಜರ್ಮನಿಯಲ್ಲಿ ನರ್ಸ್. ಒಮ್ಮೆ ರಜೆ ಹಾಕಿ ಅಕ್ಕನನ್ನು ನೋಡಲು ಹೋದವಳು ಅಲ್ಲಿ ಟ್ರಯಥ್ಲಾನ್ ಎಂಬ ಸ್ಪರ್ಧೆಯನ್ನು ನೋಡಿದಳು. ನೋಡಿ ಸುಮ್ಮನಿರುವ ಜಾಯಮಾನ ಅವಳದಲ್ಲ. ಮರುವರ್ಷ ಹೋಗಿ ತಾನೂ ಸೇರಿದಳು.

ಈ ಸ್ಪರ್ಧೆಯಲ್ಲಿ ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಸೈಕಲ್ ಇಳಿದು ಓಡಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮಲ್ಪೆ ದಡದಿಂದ ಎದುರಿನ ದ್ವೀಪದ ಕಡೆಗೆ ಅರ್ಧಕ್ಕಿಂತ ಹೆಚ್ಚು ದಾರಿ ಈಜಿ, ಉಡುಪಿಯಿಂದ ಕಾರ್ಕಳಕ್ಕೆ ಸೈಕಲಿನಲ್ಲಿ ಎರಡು ಸಲ ಹೋಗಿ ಬಂದು, ಆಮೇಲೆ ಮತ್ತೆ ಕಾರ್ಕಳಕ್ಕೆ ಓಡುವುದು. ಎಲ್ಲವೂ ಒಂದೇ ದಿನದಲ್ಲಿ. ಅವಳಿಗೆ ಹದಿನಾಲ್ಕು ಗಂಟೆ, ಮೇಲೆ ಇಪ್ಪತ್ತು ನಿಮಿಷ ಹಿಡಿಯಿತು. ಮುಗಿಸಿದ್ದೇ ದೊಡ್ಡದು ಎಂದು ನಾನು ಎದೆಯುಬ್ಬಿಸಿ ತಿರುಗಾಡಿದೆ. ಅವಳಿಗೆ ಮಾತ್ರ ಆ ಇಪ್ಪತ್ತು ನಿಮಿಷ ಗಂಟಲಿಗೆ ಸಿಕ್ಕ ಮೀನಿನ ಮುಳ್ಳಾಯಿತು. ಹದಿನಾಲ್ಕರ ಒಳಗೆ ಬರಲೇಬೇಕು ಎಂದಳು.

ಅಕ್ಕ ಮುಂದಿನ ವರ್ಷ ಕೆಲಸ ಬಿಟ್ಟು ಊರಿಗೆ ಬರುವವರಿದ್ದರು. ಆಮೇಲೆ ಅಲ್ಲಿ ಇಳಿದುಕೊಳ್ಳಲು ಮನೆ ಇಲ್ಲ, ಟಿಕೆಟ್ ಕಳಿಸುವವರೂ ಇಲ್ಲ. ಉಳಿದದ್ದು ಒಂದೇ ಅವಕಾಶ. ಅದಕ್ಕೆ ಯಾವ ಊರಿನ ಸ್ಪರ್ಧೆಯನ್ನು ಆರಿಸುವುದು?

ಮುಹೂರ್ತ

ಮೂರು ಊರುಗಳ ವಿವರವನ್ನು ಅಕ್ಕ ಕಳಿಸಿಕೊಟ್ಟರು. ಒಂದು, ಹೋದ ಸಲದ ಗುಡ್ಡಗಾಡಿನ ಊರು. ಎರಡನೆಯದು ಲೋಕಪ್ರಸಿದ್ಧವಾದ ಒಂದು ದ್ವೀಪ, ಅಲ್ಲಿ ಕೆಂಡದಂತಹ ಬಿಸಿಲು. ಮೂರನೆಯದು ಹಾಲೆಂಡಿನ ಯಾರಿಗೂ ಗೊತ್ತಿಲ್ಲದ ಊರು. ನೆಲ ದೋಸೆಕಲ್ಲಿನಂತೆ ಸಪಾಟು, ಈಜುವುದು ಕೆರೆಯಲ್ಲಿ, ಹವೆ ತಂಪು. ಹೆಂಡತಿ ಕಣ್ಣು ಮಿಟುಕಿಸದೆ ಮೂರನೆಯದನ್ನು ಆರಿಸಿದಳು.

ಈ ಸುದ್ದಿಯನ್ನು ನಾನು ಕಚೇರಿಯಲ್ಲಿ ಹೇಳಿದೆ. ಪಕ್ಕದ ಮೇಜಿನ ಸಹೋದ್ಯೋಗಿಗೆ ಅದು ಹಿಡಿಸಲೇ ಇಲ್ಲ. ಸಂಜೆ ನಮ್ಮ ಮನೆಗೇ ಬಂದು ಕುಳಿತರು.

"ಟೀಚರೇ, ಹೋಗುವುದಾದರೆ ಆ ಹೆಸರಾದ ದ್ವೀಪಕ್ಕೆ ಹೋಗಬೇಕಲ್ವಾ? ಸುಲಭದ ದಾರಿ ನೋಡಿ ಆರಿಸಿದರೆ ಅದು ಒಂದು ಲೆಕ್ಕದಲ್ಲಿ ಮೋಸ ಮಾರಾಯ್ರೆ."

"ದೂರ ಎಲ್ಲ ಕಡೆಯೂ ಅಷ್ಟೇ. ನನ್ನ ಕಾಲೂ ಅದೇ, ಉಸಿರೂ ಅದೇ" ಎಂದಳು ಹೆಂಡತಿ. "ನಾನು ನೋಡಿದ್ದು ದಾರಿ ಮತ್ತು ಹವೆ ಮಾತ್ರ."

"ಅದೇ ನಾನು ಹೇಳುವುದು. ಬಂದದ್ದನ್ನು ಎದುರಿಸಬೇಕು."

ಅವಳು ಚಹಾ ಮುಂದಿಟ್ಟು ಕೇಳಿದಳು. "ನಿಮ್ಮ ಮಗಳ ಮದುವೆಗೆ ನಾಲ್ಕು ತಿಂಗಳಿನಿಂದ ಮುಹೂರ್ತ ಹುಡುಕ್ತಾ ಇದ್ದೀರಂತೆ. ಬಂದ ದಿನ ತಾಳಿ ಕಟ್ಟಿಸಿಬಿಡಿ. ಆಮೇಲೆ ಅಳಿಯ ಎದುರಿಸ್ತಾನೆ."

ಸಹೋದ್ಯೋಗಿ ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿಯಾಯಿತು ಎಂದು ಹೇಳಿ ಎದ್ದರು.

ಫಾದರ್ ಕೊಟ್ಟ ಸಲಹೆ

ಆಶೀರ್ವಾದ ಕೇಳಲು ಹೆಂಡತಿ ನಮ್ಮ ಇಗರ್ಜಿಗೆ ಹೋದಳು. ಫಾದರ್ ಕೇಳಿದ ಮೊದಲ ಪ್ರಶ್ನೆ, "ಸ್ಪರ್ಧೆ ಯಾವ ವಾರ?"

"ಈ ಸಲದ್ದು ಶನಿವಾರ, ಫಾದರ್."

"ಒಳ್ಳೆಯದಾಯ್ತು. ಹೋದ ಸಲ ಆದಿತ್ಯವಾರ ಪೂಜೆ ತಪ್ಪಿತಲ್ಲ?"

ಹೌದು, ಬೆಳಿಗ್ಗೆ ಏಳಕ್ಕೆ ನೀರಿಗಿಳಿದವಳು ಮುಗಿಸುವಾಗ ರಾತ್ರಿ ಒಂಬತ್ತು ದಾಟಿತ್ತು ಎಂದು ಇವಳು ತಲೆ ತಗ್ಗಿಸಿ ಹೇಳಿದಳು. ಫಾದರ್ ಬೆರಳು ಮಡಚಿ ಲೆಕ್ಕ ಹಾಕಿದರು. ಅವರ ಮುಖದಲ್ಲಿ ಗದರಿಕೆ ಇರಲಿಲ್ಲ, ನಿಜವಾದ ಕಾಳಜಿ ಇತ್ತು.

"ಹತ್ತು ಗಂಟೆಯಲ್ಲಿ ಮುಗಿಸಿದ್ದರೆ ಸಂಜೆಯ ಪೂಜೆ ಸಿಗ್ತಿತ್ತು" ಎಂದರು.

ಮನೆಗೆ ಬಂದವಳು ಚಪ್ಪಲಿ ಬಿಡದೆ ಮೆಟ್ಟಿಲ ಮೇಲೆ ಕುಳಿತಳು. "ನಾನು ಇಪ್ಪತ್ತು ನಿಮಿಷಕ್ಕೆ ಪ್ರಾಣ ಬಿಡ್ತಾ ಇದ್ದೇನೆ. ಫಾದರ್ ಸಲೀಸಾಗಿ ನಾಲ್ಕು ಗಂಟೆ ಇಳಿಸಿಬಿಟ್ಟರು."

ಕಾಪುವಿನಲ್ಲಿ ಮುಳುಗಿದ್ದು

ಈಜಿನ ಅಭ್ಯಾಸ ಕಾಪುವಿನ ಕಡಲಿನಲ್ಲಿ. ಚಳಿಗಾಲದ ಬೆಳಿಗ್ಗೆ ಅಲ್ಲಿ ತೆರೆ ಕಡಿಮೆ. ಮೊಣಕಾಲು ದಾಟುವ ಚಡ್ಡಿ, ಶಾಲೆಯ ಬನಿಯನ್ನು, ತಲೆಗೆ ರಬ್ಬರ್ ಟೋಪಿ ಹಾಕಿ ದೀಪಸ್ತಂಭದ ಬದಿಯಿಂದ ನೀರಿಗಿಳಿದು ದಡಕ್ಕೆ ಸಮಾನಾಂತರವಾಗಿ ಈಜುತ್ತಾ ಹೋಗುತ್ತಿದ್ದಳು. ಅವಳ ಬಟ್ಟೆ ಕಾಯುತ್ತಾ ಮರಳಿನಲ್ಲಿ ಕುಳಿತುಕೊಳ್ಳುವುದು ನನ್ನ ಅಭ್ಯಾಸ.

ಮೊದಲನೇ ವಾರ ಒಂದು ದೋಣಿಯವರು ದೂರದಿಂದ ನೋಡಿದರು. ಕಡಲಿನ ನಡುವೆ ಒಬ್ಬ ಹೆಂಗಸು ಕೈ ಬಡಿಯುತ್ತಿದ್ದಾಳೆ ಎಂದರೆ ಮುಳುಗುತ್ತಿದ್ದಾಳೆ ಎಂದೇ ಅರ್ಥ. ನಾಲ್ಕು ಜನ ಸೇರಿ ಅವಳನ್ನು ಎತ್ತಿ ದೋಣಿಗೆ ಹಾಕಿದರು. ಇವಳು ಬೇಡ ಬೇಡ ಎಂದಷ್ಟೂ ಅವರು ಗಟ್ಟಿಯಾಗಿ ಹಿಡಿದುಕೊಂಡರು. ಜೀವ ಬೇಡವಾದವರು ಹಾಗೆಯೇ ಹೇಳುವುದಲ್ಲವೇ? ದಡಕ್ಕೆ ತಂದು ಇಳಿಸಿ, "ಎಂತ ಕಷ್ಟ ಇದ್ದರೂ ಹೀಗೆ ಮಾಡಬಾರದು ಅಕ್ಕ" ಎಂದು ಬುದ್ಧಿ ಹೇಳಿದರು. ಹೇಳುವಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಮರುವಾರ ಇನ್ನೊಂದು ದೋಣಿ ಎತ್ತಿತು. ಮೂರನೇ ವಾರಕ್ಕೆ ಮೊದಲ ದೋಣಿಯವರೇ ಉಳಿದವರಿಗೆಲ್ಲ ವಿಷಯ ತಿಳಿಸಿ, ಅವಳು ಈಜುವಷ್ಟು ಹೊತ್ತು ಹತ್ತಿರದಲ್ಲೇ ಬಲೆ ಬೀಸಲು ಶುರುಮಾಡಿದರು. ಯಾರೂ ಕೇಳಿಕೊಂಡದ್ದಲ್ಲ. ಆ ಜನರ ಋಣ ದೊಡ್ಡದು, ಅದನ್ನು ನಗುವಿನ ನಡುವೆಯೂ ಹೇಳಬೇಕು.

ಒಂದು ಬೆಳಿಗ್ಗೆ ಇವಳಿಗೆ ನೆಗಡಿ. ಮರಳಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ದೋಣಿಯ ಹಿರಿಯ ಹತ್ತಿರ ಬಂದು ವಿನಯದಿಂದ ಕೇಳಿದ.

"ಟೀಚರ್, ಇವತ್ತು ಮುಳುಗುವುದು ಉಂಟಾ? ಇಲ್ಲದಿದ್ದರೆ ನಾವು ಸ್ವಲ್ಪ ದೂರ ಹೋಗಿ ಬರ್ತೇವೆ."

ಹೇಗೂ ಹೋಗ್ತೀರಲ್ಲ

ಗೇರ್ ಇರುವ ಒಳ್ಳೆಯ ಸೈಕಲ್ ಅಕ್ಕನ ಮನೆಯಲ್ಲಿತ್ತು. ಇಲ್ಲಿ ಇದ್ದದ್ದು ಕ್ಯಾರಿಯರ್ ಇರುವ ಗಟ್ಟಿ ಸೈಕಲ್. ಅದರಲ್ಲಿ ರಜಾದಿನ ಕಾರ್ಕಳಕ್ಕೆ ಹೋಗಿ ಬರುವುದು ಅವಳ ಕ್ರಮ.

ನಮ್ಮ ಕಡೆ ಒಬ್ಬರು ಒಂದು ಊರಿಗೆ ಹೋಗುತ್ತಾರೆಂದು ತಿಳಿದರೆ ಬರಿಗೈಯಲ್ಲಿ ಕಳಿಸುವುದು ಮರ್ಯಾದೆಯಲ್ಲ. ಮೊದಲು ಪಕ್ಕದ ಮನೆಯವರು ಕಾರ್ಕಳದ ನಾದಿನಿಗೆ ಬಾಳೆನಾರಿನಲ್ಲಿ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ ಮಾಲೆ ಕೊಟ್ಟರು. "ಹೇಗೂ ಹೋಗ್ತೀರಲ್ಲ." ಮುಂದಿನ ವಾರ ಎದುರು ಮನೆಯವರು ಉಪ್ಪಿನಕಾಯಿ ಭರಣಿ. ಆಮೇಲೆ ಯಾರದೋ ಮರೆತುಹೋದ ಕೊಡೆ, ಯಾರದೋ ಬಾಣಂತಿಗೆ ಲೇಹ್ಯ. ಬರುವಾಗಲೂ ಬಿಡಲಿಲ್ಲ. ಅಜೆಕಾರಿನ ನನ್ನ ಚಿಕ್ಕಪ್ಪ ಕಾರ್ಕಳದ ಪೇಟೆಯಲ್ಲಿ ಕಾದು ನಿಂತು ಹಲಸಿನಹಣ್ಣು ಹೇರಿ ಕಳಿಸಿದರು.

ಇವಳು ಒಂದು ಸಲವೂ ಇಲ್ಲ ಎನ್ನಲಿಲ್ಲ. "ಭಾರ ಇದ್ದರೆ ಒಳ್ಳೆಯದೇ. ಹಾಲೆಂಡಿನಲ್ಲಿ ಗುಡ್ಡ ಇಲ್ಲದಿದ್ದರೂ ಗಾಳಿ ಉಂಟಂತೆ. ಕಾಲು ಗಟ್ಟಿಯಾಗ್ಲಿ" ಎಂದಳು. ಅಂಥವಳು ಅವಳು. ನಾನಾಗಿದ್ದರೆ ಹಲಸನ್ನು ದಾರಿಯಲ್ಲೇ ತಿಂದು ಮುಗಿಸುತ್ತಿದ್ದೆ.

ಒಂದು ದಿನ ಎದುರು ಮನೆಯವರು ಬೇಸರದಿಂದ ನನ್ನನ್ನು ತಡೆದು ನಿಲ್ಲಿಸಿದರು. "ನಿಮ್ಮ ಮನೆಯವರು ಹೋದ ವಾರ ಕಾರ್ಕಳ ತಲುಪುವಾಗ ತಡವಾಯ್ತಂತೆ. ಹೀಗಾದರೆ ನಾವು ಬಸ್ಸಿನಲ್ಲೇ ಕಳಿಸಬೇಕಾಗ್ತದೆ, ನೋಡಿ."

ಮಣಿಪಾಲದ ಏರು

ಓಟಕ್ಕೆ ಮಣಿಪಾಲದ ಏರುದಾರಿ. ಸಪಾಟು ನೆಲದಲ್ಲಿ ಓಡುವವಳಿಗೆ ಗುಡ್ಡ ಎಂತಕ್ಕೆ ಎಂದರೆ, ಇಲ್ಲಿ ಗುಡ್ಡ ಹತ್ತಿದವಳಿಗೆ ಅಲ್ಲಿ ನೆಲ ತಾನಾಗಿ ಓಡ್ತದೆ ಎಂಬುದು ಅವಳ ವಾದ.

ಆದರೆ ಮಣಿಪಾಲ ಎಂದರೆ ಆಸ್ಪತ್ರೆ. ಬೆಳಗಾಗುವ ಮೊದಲೇ ಒಬ್ಬ ಹೆಂಗಸು ಮಣಿಪಾಲದ ಕಡೆಗೆ ಓಡುತ್ತಿದ್ದಾಳೆ ಎಂದರೆ ನೋಡಿದವರು ಏನೆಂದುಕೊಳ್ಳಬೇಕು? ಹಾಲಿನವರು ಕೇಳಿದರು, "ಯಾರಿಗೆ ಎಂತ ಆಯ್ತು?" ಆಟೋದವನು ಬಾಡಿಗೆ ಬೇಡ, ಹತ್ತಿ ಎಂದು ಪಕ್ಕದಲ್ಲೇ ನಿಧಾನವಾಗಿ ಬಂದ. ಇವಳಿಗೆ ಮಾತಾಡಿದರೆ ಉಸಿರು ಕೆಡುತ್ತದೆ, ಆದ್ದರಿಂದ ಕೈ ಅಲ್ಲಾಡಿಸಿ ಮುಂದೆ ಓಡಿದಳು. ಪಾಪ, ಮಾತಾಡುವ ಸ್ಥಿತಿಯಲ್ಲೂ ಇಲ್ಲ ಎಂದು ಆಟೋದವನು ಕಡಿಯಾಳಿಗೆ ಬಂದು ಹೇಳಿದ.

ಮಧ್ಯಾಹ್ನದೊಳಗೆ ನನಗೆ ಹೃದಯಾಘಾತ ಆಗಿತ್ತು. ಸಂಜೆ ಮನೆಗೆ ಜನ ಬಂದರು, ಮೂಸಂಬಿ, ಬ್ರೆಡ್ಡು, ಎಳನೀರು ಹಿಡಿದುಕೊಂಡು. ನಾನು ಜಗಲಿಯಲ್ಲಿ ಕುಳಿತು ಗೋಳಿಬಜೆ ತಿನ್ನುತ್ತಿದ್ದೆ. ಅವರಿಗೆ ನಿರಾಶೆಯಾದಂತೆ ಕಂಡಿತು. ತಂದದ್ದನ್ನು ವಾಪಸು ಕೊಡೋಣ ಎಂದು ನಾನು ತಾಯಿಯ ಕಿವಿಯಲ್ಲಿ ಹೇಳಿದೆ.

ನನ್ನ ತಾಯಿ ಚೀಲಗಳನ್ನು ಆಗಲೇ ಒಳಗಿಟ್ಟಾಗಿತ್ತು. "ಪ್ರೀತಿಯಿಂದ ತಂದದ್ದನ್ನು ವಾಪಸು ಕೊಡಬಾರದು. ನೀನು ಸ್ವಲ್ಪ ಹೊತ್ತು ಹೋಗಿ ಮಲಗು" ಎಂದರು.

ಸನ್ಮಾನ

ಸ್ಪರ್ಧೆಯ ಮರುದಿನ ಬೆಳಿಗ್ಗೆ ಪಕ್ಕದ ಮನೆಗೆ ಅವಳ ಫೋನ್ ಬಂತು. ಬೀದಿಯ ಅರ್ಧ ಜನ ಆ ಮನೆಯ ಅಂಗಳದಲ್ಲಿ ನಿಂತಿದ್ದರು. ಈಜು ಚೆನ್ನಾಗಿ ಆಯಿತಂತೆ. ಸೈಕಲಿನಲ್ಲಿ ಎದುರುಗಾಳಿ ಹೊಡೆದು ಹೊತ್ತು ತಿಂದಿತಂತೆ. ಓಟದ ಅರ್ಧದಲ್ಲಿ ಇನ್ನು ಆಗುವುದಿಲ್ಲ ಎಂದು ಒಂದು ಕ್ಷಣ ನಿಂತಳಂತೆ. ನಿಂತರೆ ಚಳಿಯಾಯಿತು, ಅದಕ್ಕೇ ಓಡಿದೆ ಎಂದಳು. ಹದಿಮೂರು ಗಂಟೆ ಐವತ್ತೆರಡು ನಿಮಿಷ. ನನಗೆ ಅಳು ಬಂತು. ಅಳುವುದನ್ನು ಮುಚ್ಚಿಡಲೂ ಇಲ್ಲ. ತಾಯಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಊಟ ಮಾಡಿದಿಯಾ?" ಎಂದು ಕೇಳಿದರು.

ಅವಳು ಊರಿಗೆ ಬಂದ ಮೇಲೆ ನನ್ನ ತಂದೆಯ ಊರಾದ ಕಾರ್ಕಳದ ಒಂದು ಸಂಘದವರು ಸನ್ಮಾನ ಇಟ್ಟುಕೊಂಡರು. ಮೂರು ಗಂಟೆಗೆ ಕಾರ್ಯಕ್ರಮ. ನಾವು ಮೂವರೂ ಬಸ್ಸಿನಲ್ಲಿ ಹೊತ್ತಿಗೆ ಮೊದಲೇ ತಲುಪಿದೆವು. ಮುಖ್ಯ ಅತಿಥಿಗಳು ಉಡುಪಿಯಿಂದ ಕಾರಿನಲ್ಲಿ ಬರಬೇಕಿತ್ತು. ಹೊರಟಿದ್ದಾರೆ ಎಂದರು. ದಾರಿಯಲ್ಲಿದ್ದಾರೆ ಎಂದರು. ಇನ್ನೇನು ಬಂದೇಬಿಟ್ಟರು ಎಂದರು. ಬಂದಾಗ ಆರೂವರೆ.

ಸ್ವಾಗತ ಮಾಡಿದವರು, "ಇಡೀ ಜಗತ್ತನ್ನೇ ಸೋಲಿಸಿ ಬಂದ ನಮ್ಮ ಊರಿನ ಸೊಸೆ" ಎಂದರು. ಇವಳು ಸುಮ್ಮನಿರಬಹುದಿತ್ತು. ಎದ್ದು ನಿಂತು, "ನಾನು ಯಾರನ್ನೂ ಸೋಲಿಸಲಿಲ್ಲ. ಹೆಂಗಸರಲ್ಲಿ ಕೊನೆಯಿಂದ ಎರಡನೆಯವಳು. ಆದರೆ ಹೋದ ಸಲಕ್ಕಿಂತ ಬೇಗ ಬಂದೆ. ಅದಕ್ಕೇ ಹೋದದ್ದು" ಎಂದಳು. ಸಭೆಯಲ್ಲಿ ಗುಸುಗುಸು ಆಯಿತು. ಕೆಲವರು ನಕ್ಕರು. ಅವಳ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಎರಡು ವರ್ಷ ಅವಳು ಬೆವರು ಸುರಿಸಿದ್ದು ನನಗೆ ಗೊತ್ತು.

ಮುಖ್ಯ ಅತಿಥಿಗಳು ಸಭೆಯನ್ನು ಸಮಾಧಾನಪಡಿಸಲು ಎದ್ದರು. ಒಳ್ಳೆಯ ಮನಸ್ಸಿನವರೇ. "ಬೇಸರ ಬೇಡ ತಾಯಿ. ಬೇಗ ತಲುಪುವುದು ಮುಖ್ಯ ಅಲ್ಲ. ಸಮಯ ಎಂಬುದು ಬರೀ ಗಡಿಯಾರದ ಲೆಕ್ಕ. ತಡವಾದರೂ ತಲುಪಿದಿರಲ್ಲ, ಅದು ಮುಖ್ಯ" ಎಂದರು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವ ಮೊದಲೇ ಮುಂದಿನ ಸಾಲಿನಲ್ಲಿದ್ದ ನನ್ನ ತಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಮೈಕು ಬೇಕಾಗಲಿಲ್ಲ.

"ಅದು ನಿಮಗೆ ಸರಿ ಮಾರಾಯ್ರೆ. ಇವಳಿಗೆ ಹೊತ್ತು ಮುಖ್ಯ. ಇನ್ನೊಂದು ಸಲ ಕಾರ್ಕಳಕ್ಕೆ ಬರುವಾಗ ನೀವು ಕಾರು ಬಿಟ್ಟು ಇವಳೊಟ್ಟಿಗೆ ಓಡಿ ಬನ್ನಿ, ಮೂರು ಗಂಟೆಯ ಕಾರ್ಯಕ್ರಮಕ್ಕೆ ಸರಿಯಾಗಿ ಮೂರಕ್ಕೆ ತಲುಪ್ತೀರಿ."