ಹೊಟ್ಟೆಕಿಚ್ಚಿಗೆ ಉಜ್ಜಿದ ಹಸಿರು ಬಾಗಿಲು

ಬಣ್ಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಂಬಿದ್ದೆ. ಕುರುಗೋಡಿನ ಶಾಲೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು ನಾನು. ನಿವೃತ್ತನಾದ ಮೇಲೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಹಳೆಯ ಮನೆಯಲ್ಲಿ ನನಗೆ ಉಳಿದದ್ದು ಒಂದೇ ಹುದ್ದೆ. ನನ್ನ ಹೆಂಡತಿ ಸುಮಿತ್ರಾ ಹಗಲು ನೋಡಿಕೊಳ್ಳುತ್ತಿದ್ದ ಆರು ಮಕ್ಕಳಿಗೆ ಆನೆ, ಒಂಟೆ ಬರೆದು ತೋರಿಸುವುದು. ಆರರಲ್ಲಿ ಒಬ್ಬಳು ನಮ್ಮ ಮಗಳ ಮಗಳು, ಎರಡು ವರ್ಷದ ಚಿನ್ನಿ. ಉಳಿದ ಐವರು ಕೆಲಸಕ್ಕೆ ಹೋಗುವ ಅಕ್ಕಪಕ್ಕದ ತಾಯಂದಿರ ಮಕ್ಕಳು.

ಹೀಗಿರುವಾಗ ಹಿಂದಿನ ಬೀದಿಯ ಗೌರಕ್ಕ ತಾನೂ ಮಕ್ಕಳನ್ನು ನೋಡಿಕೊಳ್ಳಲು ಶುರುಮಾಡಿದಳು. ತಿಂಗಳೊಳಗೆ ನಮ್ಮ ಐವರಲ್ಲಿ ಇಬ್ಬರು ಅಲ್ಲಿಗೆ ಹೋದರು.

"ಹೋಗ್ಲಿ ಬಿಡ್ರಿ, ನನಗೂ ಕೈಕಾಲು ನೋಯ್ತಾವ," ಎಂದಳು ಸುಮಿತ್ರಾ. ನನಗೆ ನೋಯುತ್ತಿದ್ದದ್ದು ಬೇರೆ ಕಡೆ.

ಸಂಜೆಯ ವಾಕಿಂಗ್ ನೆಪದಲ್ಲಿ ಗೌರಕ್ಕನ ಮನೆಯ ಮುಂದೆ ನಾಲ್ಕು ಸಲ ಹಾದುಹೋದೆ. ಗೋಡೆಗೆ ನಿಂಬೆಹಣ್ಣಿನ ಹಳದಿ, ಬಾಗಿಲಿಗೆ ತಿಳಿನೀಲಿ, ಗೋಡೆಯ ಮೇಲೊಂದು ಜಿರಾಫೆ. ಜಿರಾಫೆಯ ಕಾಲಿನ ಅಳತೆ ತಪ್ಪಿತ್ತು. ಆ ದಿನ ನನಗೆ ಸಿಕ್ಕ ಸಮಾಧಾನ ಅದೊಂದೇ.

ನಮ್ಮ ಬಾಗಿಲು, ಕಿಟಕಿಗಳೋ ಅಜ್ಜನ ಕಾಲದವು. ಪದರದ ಮೇಲೆ ಪದರವಾಗಿ ಬಳಿದ ಹಸಿರು ಬಣ್ಣ ಹಪ್ಪಳದಂತೆ ಏಳುತ್ತಿತ್ತು. ಮರುದಿನವೇ ಪರಿಚಯದ ಬಡಗಿಯಿಂದ ಮರ ಉಜ್ಜುವ ಮಷೀನು ಇಸಿದುಕೊಂಡು ಬಂದೆ.

"ಮಕ್ಕಳ್ನ ಮನಿಯಾಗ ಇಟ್ಕೊಂಡು ಧೂಳು ಎಬ್ಬಸ್ತೀರೇನ್ರಿ? ಭಾನುವಾರ ಮಾಡ್ರಿ," ಎಂದಳು ಸುಮಿತ್ರಾ.

"ಭಾನುವಾರದೊಳಗ ಉಳಿದ ಮೂರೂ ಅಲ್ಲಿಗೆ ಹೋದರ?"

ಮಷೀನು ಶುರುವಾಯಿತು. ಅರ್ಧ ಗಂಟೆಯಲ್ಲಿ ಪಡಸಾಲೆ ಹಸಿರಾಯಿತು. ನನ್ನ ಮೀಸೆಯೂ ಹಸಿರಾಯಿತು. ಮಕ್ಕಳು ನೆಲದ ಪುಡಿಯಲ್ಲಿ ಬೆರಳಾಡಿಸಿ ಗೆರೆ ಎಳೆಯತೊಡಗಿದರು. ಇವರಿಗೆ ಎಂಥ ಕಲಾಸಕ್ತಿ ಎಂದು ನಾನು ಹೆಮ್ಮೆಪಟ್ಟೆ. ಚಿನ್ನಿ ಅದೇ ಬೆರಳನ್ನು ಬಾಯಿಗಿಟ್ಟುಕೊಂಡಳು.

ಸದ್ದು ಕೇಳಿ ಗೌರಕ್ಕ ಓಡಿಬಂದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊಸ್ತಿಲಲ್ಲಿ ನಿಂತಳು.

"ಸರ್, ಮೊದ್ಲು ಅದನ್ನ ಬಂದ್ ಮಾಡ್ರಿ. ಹಳೇ ಬಣ್ಣದಾಗ ಸೀಸ ಇರ್ತೈತಿ. ಈ ಪುಡಿ ಸಣ್ಣ ಮಕ್ಕಳ ಹೊಟ್ಟಿಗೆ ಹೋದ್ರ ಮಿದುಳಿಗೇ ಪೆಟ್ಟು ಬೀಳ್ತೈತ್ರಿ."

ನಮ್ಮ ಮಕ್ಕಳನ್ನೆಲ್ಲ ಸೆಳೆಯಲು ಈಕೆ ಹೂಡಿದ ಆಟ ಇದು ಎಂದೇ ನನಗೆ ಖಾತ್ರಿಯಾಯಿತು.

"ಬಣ್ಣದ ಬಗ್ಗೆ ನನಗ ಹೇಳಾಕ ಬಂದೀಯೇನವ್ವ? ಮೊದ್ಲು ನಿನ್ನ ಜಿರಾಫೆ ಕಾಲು ಸರಿ ಮಾಡ್ಕೋ ಹೋಗು."

ಆಕೆಗೆ ಸಿಟ್ಟು ಬರಲಿಲ್ಲ. "ಕಾಲು ಆಮ್ಯಾಲೆ ಮಾಡ್ತೀನ್ರಿ. ಮಕ್ಕಳ್ನ ಈಗ ಹೊರಗ ಕಳಸ್ರಿ. ನನ್ನ ಮಗಗ ಹಿಂಗ ಆಗಿತ್ತು. ನಮಗ ಗೊತ್ತಾಗೋದು ತಡ ಆತು. ಸಾಲಿಯಾಗ ಅಕ್ಷರ ತಲಿಗೆ ಹತ್ತಲ್ಲ ಅವಗ."

ಸುಮಿತ್ರಾ ಬಂದು ಸ್ವಿಚ್ ಆರಿಸಿದಳು. ನಾಲ್ಕೂ ಮಕ್ಕಳು ಕೈಕಾಲು ತೊಳೆದುಕೊಂಡು ಗೌರಕ್ಕನ ಮನೆಗೆ ಹೊರಟವು. ಚಿನ್ನಿಯಂತೂ ಆಕೆಯ ಬೆರಳು ಹಿಡಿದು ಹಿಂತಿರುಗಿಯೂ ನೋಡಲಿಲ್ಲ.

ಗೌರಕ್ಕ ಹೇಳಿದ್ದು ಸುಳ್ಳೆಂದು ಸಾಬೀತು ಮಾಡುವ ಘನ ಉದ್ದೇಶದಿಂದ ಸಂಜೆ ಚಿನ್ನಿಯನ್ನು ಮಕ್ಕಳ ಡಾಕ್ಟರ ಬಳಿ ಕರೆದೊಯ್ದೆ. ಕತೆ ಕೇಳಿ ಅವರು ಪೆನ್ನು ಕೆಳಗಿಟ್ಟರು. ನಾಲ್ವರ ರಕ್ತವನ್ನೂ ಪರೀಕ್ಷೆ ಮಾಡಿಸಬೇಕೆಂದರು.

ಮೂರು ಮನೆಗಳಿಗೆ ನಾನೇ ಹೋಗಿ ವಿಷಯ ಹೇಳಿದೆ. "ನಿಮ್ಮನ್ನ ನಂಬಿ ಬಿಟ್ಟಿದ್ವಿ ಸರ್," ಎಂದಳು ಒಬ್ಬ ತಾಯಿ. ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು.

ವರದಿ ಬರುವತನಕ ನನಗೆ ಅನ್ನ ಸೇರಲಿಲ್ಲ. ಆ ದಿನಗಳಲ್ಲಿ ಗೌರಕ್ಕನೇ ಬಂದು ಮನೆ ಶುಚಿಮಾಡುವುದನ್ನು ಹೇಳಿಕೊಟ್ಟಳು. ಪೊರಕೆ ಮುಟ್ಟುವಂತಿಲ್ಲ, ಧೂಳೇಳುತ್ತದೆ. ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ನಾನು ಮಂಡಿಯೂರಿ ಒರೆಸುತ್ತಿದ್ದೆ. ಆಕೆ ನಿಂತು "ಆ ಮೂಲಿ ಉಳೀತು ನೋಡ್ರಿ ಸರ್," ಎನ್ನುತ್ತಿದ್ದಳು. ಅಷ್ಟು ಭಯದಲ್ಲೂ, ಸುಮಿತ್ರಾ ಆಕೆಗೆ ನನ್ನ ಲೋಟದಲ್ಲಿ ಚಹಾ ಕೊಟ್ಟದ್ದು ನನ್ನ ಕಣ್ಣಿಗೆ ಬಿತ್ತು.

ವರದಿ ಬಂದಾಗ ಮೂವರು ಮಕ್ಕಳ ಬಗ್ಗೆ ಚಿಂತೆಯಿರಲಿಲ್ಲ. ಚಿನ್ನಿಯ ರಕ್ತದಲ್ಲಿ ಮಾತ್ರ ಸೀಸ ಸ್ವಲ್ಪ ಹೆಚ್ಚಿತ್ತು. ಅದು ಒಂದು ದಿನದ್ದಲ್ಲ, ಉದುರಿದ ಬಣ್ಣದ ಚೂರುಗಳು ಮೊದಲಿನಿಂದಲೂ ಬಾಯಿಗೆ ಹೋಗುತ್ತಿದ್ದಿರಬೇಕು ಎಂದರು ಡಾಕ್ಟರು. ಆ ಬಣ್ಣದಿಂದ ದೂರವಿಡಿ, ಸೊಪ್ಪು, ಕಾಳು, ಹಾಲು ಚೆನ್ನಾಗಿ ಕೊಡಿ, ಮತ್ತೆ ಪರೀಕ್ಷೆ ಮಾಡೋಣ ಎಂದರು. ನಾನು ಚಿನ್ನಿಯನ್ನು ಎದೆಗವಚಿಕೊಂಡೆ. ಅವಳು ನನ್ನ ಮೀಸೆ ಎಳೆದು ನಕ್ಕಳು.

ಮಗಳು ಅಳಿಯ ಚಿನ್ನಿಯನ್ನು ಪಾರ್ವತಿನಗರದ ತಮ್ಮ ಮನೆಯಲ್ಲೇ ಇಟ್ಟುಕೊಂಡು ಹಗಲು ಗೌರಕ್ಕನಲ್ಲಿ ಬಿಡತೊಡಗಿದರು. ನಮ್ಮ ಬಾಗಿಲು, ಕಿಟಕಿಗಳನ್ನು ಇಂಥ ಕೆಲಸ ತಿಳಿದವರು ಕಳಚಿ ಒಯ್ದರು. ಎರಡನೆಯ ಪರೀಕ್ಷೆಯಲ್ಲಿ ಸೀಸ ಇಳಿದಿತ್ತು. ಅಂದು ನಾನು ಎರಡು ಸಲ ಊಟ ಬಡಿಸಿಕೊಂಡೆ.

ಕಳೆದ ವಾರ ಗೌರಕ್ಕ ಹಳೆಯ ಬಣ್ಣದ ಅಪಾಯ ತಿಳಿಸಲು ತಾಯಂದಿರನ್ನೆಲ್ಲ ಸೇರಿಸಿ ನನ್ನನ್ನೂ ಮಾತಾಡಲು ಕರೆದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ.

"ಏನು ಮಾಡಬಾರದು ಅನ್ನೋದನ್ನ ಸರ್ ಸ್ವತಃ ಮಾಡಿ ನೋಡ್ಯಾರ," ಎಂದು ಆಕೆ ಪರಿಚಯ ಮಾಡಿಸಿದಳು. ನಾನು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಚಪ್ಪಾಳೆ ಬಿತ್ತು.

ಮನೆಗೆ ಬಂದವನೇ, "ಗೌರಕ್ಕನಿಗಿಂತ ನನಗ ಜಾಸ್ತಿ ಚಪ್ಪಾಳಿ ಬಿತ್ತು," ಎಂದೆ.

ಸುಮಿತ್ರಾ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬಿದ್ದಿರಬೇಕು ಬಿಡ್ರಿ. ನಿಮ್ಮಷ್ಟು ತಪ್ಪು ಆಕಿ ಎಲ್ಲಿ ಮಾಡ್ಯಾಳ?"