ಸರ್ಕಾರಿ ಬಲಗೈ

ನಮ್ಮ ಕಾಕಾನಿಗೆ ಎರಡು ಕೈಗಳಿದ್ದವು, ನಿಜ. ಆದರೆ ಮನೆಯವರ ಪಾಲಿಗೆ ಇದ್ದದ್ದು ಒಂದೇ!

ಇದು ನಾನು ಕಟ್ಟಿದ ಮಾತಲ್ಲ. "ಬಲಗೈ ಸರ್ಕಾರದ್ದು, ಎಡಗೈ ಮನೀದು" ಎಂದು ಅವನೇ ಹೇಳುತ್ತಿದ್ದ. ಕಾಕಾ ಪೊಲೀಸ್. ಜೇವರ್ಗಿಯಲ್ಲಿ ಸಹಾಯಕ ಸಬ್ ಇನ್ಸ್‌ಪೆಕ್ಟರ್. ಪಿಸ್ತೂಲು ಯಾವ ಗಳಿಗೆಯಲ್ಲಿ ತೆಗೆಯಬೇಕಾಗುತ್ತದೋ ಯಾರು ಬಲ್ಲರು, ಅದಕ್ಕೆ ಬಲಗೈ ಸದಾ ಖಾಲಿ ಇರಬೇಕು ಎಂದು ತರಬೇತಿಯಲ್ಲಿ ಯಾರೋ ಒಂದು ದಿನ ಹೇಳಿದ್ದರಂತೆ. ಉಳಿದವರು ಮರುದಿನವೇ ಮರೆತರು. ಕಾಕಾ ಮೂವತ್ತು ವರ್ಷ ಮರೆಯಲಿಲ್ಲ.

ಸಂತೆಯ ಎರಡು ಚೀಲವೂ ಎಡಗೈಯಲ್ಲಿ. ಹಾಲಿನ ಪಾತ್ರೆ, ಛತ್ರಿ, ವರ್ತಮಾನ ಪತ್ರಿಕೆ ಎಲ್ಲವೂ ಎಡಗೈಯಲ್ಲಿ. ಹಿಂದೆ ಕಾಕಿ ಕಲ್ಲಂಗಡಿ ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದಳು.

"ಆ ಕೈಗೇನ್ ಲಕ್ವಾ ಹೊಡದದೇನ್ರೀ?"

"ಡ್ಯೂಟಿ ಮ್ಯಾಲ ಅದ."

"ಊಟಕ್ಕ ಮಾತ್ರ ಹೆಂಗ ಬರ್ತದ ಮತ್ತ?"

"ಊಟಕ್ಕ ಅರ್ಧ ತಾಸು ಪರವಾನಗಿ ಅದ!"

ನನ್ನ ಅಪ್ಪ ಅವ್ವ ಅಫಜಲಪುರದ ಕಡೆ ಹವಳಗಾದಲ್ಲಿ ಕಬ್ಬು ಬೆಳೆಯುತ್ತಿದ್ದರು. ನಾನು ಓದಲೆಂದು ಕಾಕಾನ ಮನೆಯಲ್ಲಿ ಬೆಳೆದವಳು. ಅವನಿಗೆ ಮಕ್ಕಳಿರಲಿಲ್ಲ. ಶಾಲೆಗೆ ಎಡಗೈ ಹಿಡಿದು ಹೋದೆ, ಜ್ವರ ಬಂದಾಗ ಎಡಭುಜದ ಮೇಲೆ ಮಲಗಿದೆ. ಮರೆತು ಬಲಗೈಯ ಕಡೆ ಓಡಿ ಬಂದರೆ ಅವನು ಗಾಣದ ಎತ್ತಿನ ಹಾಗೆ ಅರ್ಧ ಸುತ್ತು ತಿರುಗಿ ಎಡಗೈ ಚಾಚುತ್ತಿದ್ದ. ನಮ್ಮ ಮನೆಯ ಒಂದೊಂದು ಫೋಟೋದಲ್ಲೂ ಅವನ ಬಲಗೈ ಸೊಂಟದ ಹತ್ತಿರ, ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ ಕುಳಿತಿದೆ. ವಿಚಿತ್ರವೆಂದರೆ ಆ ಸೊಂಟದಲ್ಲಿ ಪಿಸ್ತೂಲೇ ಇರುತ್ತಿರಲಿಲ್ಲ! ಡ್ಯೂಟಿ ಮುಗಿದ ಕೂಡಲೇ ಅದನ್ನು ಠಾಣೆಯಲ್ಲಿ ಜಮಾ ಮಾಡಿ, ಅದರ ಖಾಲಿ ಚರ್ಮದ ಚೀಲ ಮಾತ್ರ ಕಟ್ಟಿಕೊಂಡು ಮನೆಗೆ ಬರುತ್ತಿದ್ದ. ಖಾಲಿ ಚೀಲಕ್ಕೆ ಖಾಲಿ ಕೈಯ ಕಾವಲು.

ಇಷ್ಟು ಕಾದ ಕೈ ಎಷ್ಟು ಗುಂಡು ಹಾರಿಸಿತು ಎಂದು ಕೇಳುತ್ತೀರಾ? ವರ್ಷಕ್ಕೊಮ್ಮೆ ಅಭ್ಯಾಸಕ್ಕೆ ಕರೆದಾಗ ಐದು. ಒಂದು ವರ್ಷ ಅವನ ಗುರಿಹಲಗೆಯಲ್ಲಿ ಬರೀ ಮೂರು ತೂತು. ಪಕ್ಕದ ಪೇದೆ ಹೊಡೆದದ್ದು ಐದೇ ಗುಂಡು, ಅವನ ಹಲಗೆಯಲ್ಲಿ ಏಳು ತೂತು! ಸಾಹೇಬರು ಕಾಕಾನ ಮುಖ ನೋಡಿದರು. "ಅಂವಾ ಗರೀಬ ರೀ ಸರ. ಪಾಸ್ ಆಗ್ಲಿ ಅಂತ ನಾನೇ ಎರಡ ಹೊಡದೆ" ಎಂದ ಕಾಕಾ.

ಇಂಥವನ ಕೈಗೆ ಒಂದು ದಿನ ಚಹಾದಂಗಡಿಯಲ್ಲಿ ಪತ್ರಿಕೆ ಸಿಕ್ಕಿತು. ಯಾವುದೋ ದೂರದ ದೇಶದಲ್ಲಿ, ಡ್ಯೂಟಿಯಲ್ಲಿಲ್ಲದ ಪೊಲೀಸರು ವಿಮಾನದಲ್ಲಿ ಪ್ರಯಾಣ ಮಾಡುವಾಗ ಪಿಸ್ತೂಲು ಒಯ್ಯಬೇಕೋ ಬೇಡವೋ ಎಂದು ಚರ್ಚೆ ನಡೆದಿದೆಯಂತೆ. ಆ ದೇಶದವರು ಇನ್ನೂ ತೀರ್ಮಾನಕ್ಕೆ ಬಂದಿರಲಿಕ್ಕಿಲ್ಲ. ಜೇವರ್ಗಿಯ ಚಹಾದಂಗಡಿಯಲ್ಲಿ ಮೊದಲ ಕಪ್ಪು ಮುಗಿಯುವುದರೊಳಗೆ ತೀರ್ಮಾನವಾಗಿತ್ತು.

"ಬಿಲ್ಕುಲ್ ಒಯ್ಯಬೇಕು" ಎಂದ ಕಾಕಾ.

ಎದುರಿಗೆ ಕುಳಿತಿದ್ದವರು ಅವನ ಹಳೆಯ ಗೆಳೆಯರೊಬ್ಬರು, ನಿವೃತ್ತ ಬಸ್ ಕಂಡಕ್ಟರು. ಒಪ್ಪಲಿಲ್ಲ. "ಟಿಕೇಟ್ ತಗೊಂಡ ಮ್ಯಾಲ ನೀವು ಪೊಲೀಸ್ ಅಲ್ರಿ ಸಾಹೇಬ್ರ, ಪ್ಯಾಸೆಂಜರ್. ನನ್ನ ಬಸ್ಸಿನಾಗ ಡಿಸಿ ಬಂದ್ರೂ ಪ್ಯಾಸೆಂಜರೇ."

"ನೆಲದ ಮ್ಯಾಲ ಅಡ್ಡಿ ಇಲ್ಲಪ. ಏನರ ಆದ್ರ ಠಾಣಾಕ್ಕ ಓಡಿ ಹೋಗಿ ಪಿಸ್ತೂಲ್ ತರಬಹುದು. ಆಕಾಶದಾಗ ಎಲ್ಲಿಗೆ ಓಡ್ಲಿ?"

ನನಗೆ ಈಗಲೂ ಇದು ಆ ದೂರದ ದೇಶದವರಿಗೂ ಹೊಳೆಯದ ವಾದ ಅನ್ನಿಸುತ್ತದೆ! ಕಂಡಕ್ಟರು ಮಾತ್ರ ಬಸಿಯಲ್ಲಿದ್ದ ಚಹಾ ಸುರ್ರನೆ ಹೀರಿ ಹೇಳಿದರು: "ನಿಮ್ಮ ಗುಂಡು ಪಕ್ಕದ ಹಲಗಿಗೆ ಬೀಳ್ತದ್ರೀ. ಆಕಾಶದಾಗ ಪಕ್ಕದ ಹಲಗಿ ಅಂದ್ರ ಪೈಲಟ್!"

ಅಂಗಡಿಯೆಲ್ಲ ನಕ್ಕಿತು. ಕಾಕಾ ನಗಲಿಲ್ಲ. ಅವತ್ತಿನವರೆಗೆ ಅವನು ವಿಮಾನವನ್ನು ಕೆಳಗಿನಿಂದ ಮಾತ್ರ ನೋಡಿದ್ದ. ಆದರೂ ಮನೆಗೆ ಬಂದು ಅಂಗಳದಲ್ಲಿ ನಿಂತು ಮೇಲೆ ನೋಡುತ್ತ, "ಅಷ್ಟ್ ಮಂದಿ ಹೊಂಟಾರ. ಯಾರೂ ದಿಕ್ಕಿಲ್ಲ" ಎಂದ. ಆ ದನಿ ನೆನಪಾದಾಗಲೆಲ್ಲ ನನಗೆ ನಗು ಬರುತ್ತದೆ. ಅರ್ಧಕ್ಕೆ ನಿಲ್ಲುತ್ತದೆ.

ಆ ಬಲಗೈ ಸರ್ಕಾರದಿಂದ ತಪ್ಪಿಸಿಕೊಂಡದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ, ಗಾಣಗಾಪುರದಲ್ಲಿ. ನನಗೆ ಟೀಚರ್ ನೌಕರಿ ಸಿಕ್ಕರೆ ಕಾಕಾ ಐದು ಮನೆ ಮಧುಕರಿ ಬೇಡುತ್ತಾನೆ ಎಂದು ಕಾಕಿ ಅವನನ್ನು ಕೇಳದೆಯೇ ದತ್ತಾತ್ರೇಯನಿಗೆ ಹರಕೆ ಹೊತ್ತಿದ್ದಳು. ಅಲ್ಲಿ ಮಧ್ಯಾಹ್ನ ಜೋಳಿಗೆ ಹಿಡಿದು ಮನೆ ಮನೆ ಭಿಕ್ಷೆ ಬೇಡುವುದು ಭಕ್ತರ ಪದ್ಧತಿ. ಸ್ವತಃ ದತ್ತನೇ ಆ ಹೊತ್ತಿಗೆ ಬೇಡುತ್ತ ಬರುತ್ತಾನಂತೆ. ನೌಕರಿ ಸಿಕ್ಕಿತು. ಹುಣ್ಣಿಮೆಯ ಬಂದೋಬಸ್ತಿಗೆ ಕಾಕಾನನ್ನು ಅಲ್ಲಿಗೇ ಹಾಕಿದರು. ಇನ್ನೇನು ಬೇಕು? ಡ್ಯೂಟಿಯೂ ಆಯಿತು, ಹರಕೆಯೂ ಆಯಿತು ಎಂದು ಅವನು ಖಾಕಿಯಲ್ಲೇ, ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡೇ, ಎಡಗೈಯಲ್ಲಿ ಜೋಳಿಗೆ ಹಿಡಿದು ಹೊರಟ. ಹಿಂದೆ ನಾನು.

ಮೊದಲ ಮನೆಯ ಹೆಣ್ಣುಮಗಳು ಬಾಗಿಲು ತೆರೆದವಳೇ, "ನಮ್ಮಂವ ಮನ್ಯಾಗ ಇಲ್ರೀ! ಎಲ್ಲಿ ಹೋಗ್ಯಾನೋ ಗೊತ್ತಿಲ್ರೀ!" ಎಂದು ಕದ ಮುಚ್ಚಿದಳು. ಒಳಗೆ ಅವಳ ‘ನಮ್ಮಂವ’ ಕೆಮ್ಮುತ್ತಿದ್ದ. ಎರಡನೆಯ ಮನೆಯವನು ಜೋಳಿಗೆಗೆ ತನ್ನ ಮೋಟರ್ ಸೈಕಲ್ಲಿನ ಕಾಗದಪತ್ರ ಹಾಕಿದ. ಮೂರನೆಯ ಮನೆಯಲ್ಲಿ ಒಬ್ಬ ಮುದುಕಿ. ಅವಳು ಹೆದರಲಿಲ್ಲ. ಕಟ್ಟೆಯ ಮೇಲೆ ಕುಳಿತೇ ಕಾಕಾನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ತಮ್ಮಾ, ಸೊಂಟಕ್ಕ ಅದನ್ನ ಕಟಗೊಂಡು ಕೇಳಿದ್ರ ಭಿಕ್ಷಾ ಅನ್ನಂಗಿಲ್ಲ, ವಸೂಲಿ ಅಂತಾರ. ಬೇಡಾಂವ ಬರೀಗೈಲೆ ಬರಬೇಕು. ಹೋಗು, ಇಟ್ಟು ಬಾ. ರೊಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ."

ಕಾಕಾ ಕೆಂಪಾದ. ನಾನು ಇನ್ನೇನೋ ಆಗುತ್ತದೆ ಎಂದು ಹೆದರಿದೆ. ಅವನು ಸುಮ್ಮನೆ ತಿರುಗಿ ಹೋದ. ಮೇಲಿನವರಿಂದ ಎರಡು ತಾಸು ಬಿಡುವು ಕೇಳಿ, ಪಿಸ್ತೂಲು ಒಪ್ಪಿಸಿ, ಭೀಮೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಬಂದ. ಎರಡೂ ಕೈ ಒಡ್ಡಿದ. ಮುದುಕಿ ಅರ್ಧ ಜೋಳದ ರೊಟ್ಟಿ, ಒಂದು ಚೂರು ಬೆಲ್ಲ ಹಾಕಿದಳು. ಮೇಲ್ಮುಖವಾಗಿ ತೆರೆದ ಆ ಬಲಗೈಯನ್ನು ನಾನು ಅದೇ ಮೊದಲು ಕಂಡದ್ದು. ಎಡಗೈಗಿಂತ ಎಷ್ಟು ಮೆತ್ತಗಿತ್ತು! ಚೀಲ ಹೊರದ, ಛತ್ರಿ ಹಿಡಿಯದ ಕೈ.

ಹೋದ ವರ್ಷ ಅವನಿಗೆ ಎದೆನೋವು ಶುರುವಾಯಿತು. ಹೃದಯದ ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ಬೆಂಗಳೂರಿನಲ್ಲಿ ತಡಮಾಡದೆ ಆಪರೇಷನ್ ಆಗಬೇಕು, ರೈಲಿನ ರಾತ್ರಿಯಿಡೀ ಪ್ರಯಾಣ ಬೇಡ, ವಿಮಾನದಲ್ಲಿ ಹೋಗಿ ಎಂದರು ಕಲಬುರಗಿಯ ಡಾಕ್ಟರು. ನಾನು ಆಳಂದದ ನನ್ನ ಶಾಲೆಗೆ ರಜೆ ಹಾಕಿ ಓಡಿ ಬಂದೆ. ಟಿಕೇಟು ತೆಗೆದೆವು. ಕಾಕಾ ಕಂಬಕ್ಕೆ ಒರಗಿ ಕುಳಿತು ಹೇಳಿದ:

"ಪಿಸ್ತೂಲ್ ಇಲ್ದ ನಾ ವಿಮಾನ ಹತ್ತಂಗಿಲ್ಲ."

ತಮಾಷೆ ಅಂದುಕೊಂಡಿರಿ. ನಾವೂ ಅಂದುಕೊಂಡೆವು. ಅವನು ಮೇಲಧಿಕಾರಿಗಳಿಗೆ ಅರ್ಜಿ ಬರೆದಿದ್ದ, ರಜೆಯ ಮೇಲಿರುವ ಪೊಲೀಸನಿಗೆ ವಿಮಾನದಲ್ಲಿ ಪಿಸ್ತೂಲು ಒಯ್ಯಲು ಪರವಾನಗಿ ಕೋರಿ! "ಮೊದಲ ಎದಿ ರಿಪೇರಿ ಮಾಡಿಸ್ಕೊಂಡು ಬರ್ರಿ ಮಾರಾಯ್ರ" ಎಂದು ಸಾಹೇಬರು ಅರ್ಜಿ ಮಡಚಿ ಅವನ ಜೇಬಿಗೇ ಇಟ್ಟರು. ಮೊದಲ ವಿಮಾನ ನಮ್ಮನ್ನು ಬಿಟ್ಟು ಹೋಯಿತು. ಮತ್ತೆ ಒಂದು ವಾರದಾಚೆಯ ಟಿಕೇಟು ತೆಗೆದೆವು. ಕಾಕಿ ಅತ್ತಳು, ಬೈದಳು, ಊಟ ಬಿಟ್ಟಳು. ಕಂಡಕ್ಟರು ಬಂದು, "ಪಿಸ್ತೂಲಿನ ಬದ್ಲಿ ನನ್ನ ಸೀಟಿ ಒಯ್ರಿ, ಏನರ ಆದ್ರ ಊದ್ರಿ, ವಿಮಾನ ನಿಲ್ತದ" ಎಂದರು. ಅವನು ಅದಕ್ಕೂ ನಗಲಿಲ್ಲ. ಅವನ ಕಾಲು ಬಾತಿತ್ತು. ನಾಲ್ಕು ಹೆಜ್ಜೆಗೆ ಕೂರುತ್ತಿದ್ದ.

ಎರಡನೆಯ ವಿಮಾನದ ಹಿಂದಿನ ದಿನ ಮಧ್ಯಾಹ್ನ ಅವನ ಎದುರು ಕುಳಿತೆ. ಬೇವಿನ ನೆರಳು ಅವನ ಬಲಗೈಯ ಮೇಲೆ ಅಲುಗುತ್ತಿತ್ತು.

"ಕಾಕಾ, ಅಲ್ಲಿಗೆ ನಾವು ಬಂದೋಬಸ್ತಿಗೆ ಹೊಂಟೇವೇನು?"

"ಇಲ್ಲ."

"ಮತ್ತ ಯಾಕ ಹೊಂಟೇವಿ?"

ಅವನು ಬೇವಿನ ಮರದ ಕಡೆ ಮುಖ ತಿರುಗಿಸಿದ.

"ಬೇಡಾಕ ಹೊಂಟೇವಿ ಕಾಕಾ. ಗಾಣಗಾಪುರದ ಆಯಿ ಏನಂದಿದ್ಳು?"

ಅವನು ಎದ್ದು, ಸೊಂಟದ ಖಾಲಿ ಚೀಲ ಬಿಚ್ಚಿ ಮೊಳೆಗೆ ನೇತುಹಾಕಿದ. "ನಡಿ ಬೇ. ಬರೀಗೈಲೆ ಹೋಗೂಣು."

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಬ್ಬ ಎಳೆಯ ಸಿಪಾಯಿ ಅವನಿಗೆ ಎರಡೂ ಕೈ ಮೇಲೆತ್ತಲು ಹೇಳಿದ. ಕಾಕಾ ಎತ್ತಿದ. ಸರ್ಕಾರದ ಕೈಯೂ ಎದ್ದಿತು! ಆಚೆ ಬಂದು ನನ್ನ ಕಿವಿಯಲ್ಲಿ, "ಮೂವತ್ತ ವರ್ಷ ಕಾದೆ ಬೇ, ಯಾವನಿಗರ ಹ್ಯಾಂಡ್ಸ್ ಅಪ್ ಅನ್ನಬೇಕಂತ. ಒಬ್ಬನೂ ಸಿಗ್ಲಿಲ್ಲ. ಕಡೀಕ ನನಗೇ ಅಂದ್ರು ನೋಡು" ಎಂದ. ವಾರದಲ್ಲಿ ಅವತ್ತೇ ಅವನು ನಕ್ಕದ್ದು.

ಅವನಿಗೆ ಎಡಬದಿಯ ಕಿಟಕಿ ಸಿಕ್ಕಿತು. ನಾನು ಅವನ ಬಲಕ್ಕೆ ಕುಳಿತೆ. ನೆಲ ಬಿಟ್ಟಾಗ ಕೆಳಗೆ ತೊಗರಿಯ ಹೊಲಗಳು ಕೌದಿಯ ತುಂಡುಗಳಂತೆ ಹರಡಿಕೊಂಡವು. ಬೆಳಿಗ್ಗೆ ನಾವು ಕಾರಿನಲ್ಲಿ ದಾಟಿ ಬಂದ ಭೀಮೆ ಯಾರೋ ಮರೆತು ಬಿಟ್ಟುಹೋದ ಬಿಳಿ ದಾರವಾಗಿತ್ತು. ಆಮೇಲೆ ಅದೂ ಇಲ್ಲ. ಎಲ್ಲೆಲ್ಲೂ ಹಿಂಜಿದ ಅರಳೆ. ಸದ್ದು ಇತ್ತು, ಆದರೆ ಬಹಳ ದೂರದಲ್ಲಿತ್ತು. ನಾವು ಹೋಗುತ್ತಿದ್ದೆವೋ, ನಿಂತಿದ್ದೆವೋ ತಿಳಿಯಲಿಲ್ಲ. ಕಾಕಾನ ಮುಖದ ಮೇಲೆ ನಾನು ಕಂಡಿರದ ಬೆಳಕು ಬಿದ್ದಿತ್ತು. ಅವನು ಒಮ್ಮೆ ಹಿಂದೆ ತಿರುಗಿ ಸೀಟುಗಳನ್ನೆಲ್ಲ ನೋಡಿದ. "ಎಲ್ಲಾರೂ ಮಲಗ್ಯಾರ" ಎಂದ, ಪಹರೆಯವನ ಸಮಾಧಾನದಲ್ಲಿ.

ಆಗ ವಿಮಾನ ಅಲುಗಿತು. ಚಕ್ಕಡಿ ಕಲ್ಲಿನ ಮೇಲೆ ಹತ್ತಿ ಇಳಿದ ಹಾಗೆ ಒಂದು, ಇನ್ನೊಂದು. ನಾನು ರೂಢಿಯಂತೆ ಅವನ ಎಡಗೈಗೆ ಬಾಗಿದೆ. ಅದು ಆಚೆ ಕಿಟಕಿಯ ಕಡೆ ಇತ್ತು, ಸಿಗಲಿಲ್ಲ. ಕಾಕಾ ಬಲಗೈಯನ್ನು ನನ್ನ ಮಡಿಲಲ್ಲಿಟ್ಟ.

"ಹಿಡ್ಕೋ ಬೇ. ಇವತ್ತ ಇದು ರಜಾದಾಗ ಅದ."

ಬೆಂಗಳೂರು ಬರುವವರೆಗೂ ನಾನು ಬಿಡಲಿಲ್ಲ. ಪಿಸ್ತೂಲಿದ್ದರೆ ಆ ಕೈ ನನಗೆ ಸಿಗುತ್ತಿತ್ತೇ? ಒಯ್ಯಬೇಕೋ ಬೇಡವೋ ಎಂದು ಇನ್ನೂ ಚರ್ಚಿಸುತ್ತಿರುವವರಿಗೆ ನನ್ನಲ್ಲಿ ಬೇರೆ ವಾದವಿಲ್ಲ, ಇಷ್ಟೇ ಇರುವುದು.

ಆಪರೇಷನ್ ಆಯಿತು. ಕಾಕಾ ಹಿಂದಿರುಗಿ ಬರಲಿಲ್ಲ. ನಾವು ತಡಮಾಡಿದ ಆ ಒಂದು ವಾರದಿಂದ ವ್ಯತ್ಯಾಸವಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಅವರು ಹೇಳಲಾಗದು ಅಂದರು. ಜೇವರ್ಗಿಯ ಮನೆಯ ಗೋಡೆಯಲ್ಲಿ ಖಾಲಿ ಚೀಲ ಅದೇ ಮೊಳೆಗಿದೆ. ಕಾಕಿ ತೆಗೆಯಲು ಬಿಡುವುದಿಲ್ಲ. ಕೆಲವು ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳು ಊಟಕ್ಕೆ ಹೋದಾಗ ನನಗೆ ಮಂಪರು ಕವಿಯುತ್ತದೆ. ಬಿಳಿ ಅರಳೆಯ ನಡುವಿನಿಂದ ಅವನು ಎರಡೂ ಕೈ ಬೀಸುತ್ತ ನಡೆದು ಬರುತ್ತಾನೆ. ಯಾವ ಕೈಯಲ್ಲೂ ಏನೂ ಇರುವುದಿಲ್ಲ.

ಕೊನೆಯ ದಿನದ ಮಾತೊಂದು ಉಳಿಯಿತು. ಅವನ ಎಡಗೈಯೆಲ್ಲ ಸೂಜಿ ಚುಚ್ಚಿ ನೀಲಿಗಟ್ಟಿತ್ತು. ನರ್ಸ್ ಬಲಗೈ ಎತ್ತಿಕೊಂಡಳು.

"ಅದಕ್ಕ ಬ್ಯಾಡ್ರಿ ಸಿಸ್ಟರ್" ಎಂದ ಕಾಕಾ. "ಅದು ನಂದಲ್ಲ."

ಸರ್ಕಾರದ್ದು ಅನ್ನುತ್ತಾನೆ ಎಂದುಕೊಂಡೆ. ನಗು ಬಂತು ಕೂಡ.

"ಮತ್ತೆ ಯಾರದು ತಾತ?" ಎಂದಳು ಅವಳು.

ಕಾಕಾ ಕಣ್ಣು ತೆರೆಯದೆಯೇ ಗದ್ದವನ್ನು ನನ್ನ ಕಡೆ ತಿರುಗಿಸಿದ.