ಬೆಲ್ಲದ ನೆಲಮಾಳಿಗೆಯೂ ಎರಡು ಪಂಪೂ

"ನೀರು ತೆಗೆಯೋಕೆ ನೀರು ಯಾಕ್ರೀ ಬೇಕು?"

ನನ್ನ ಹೆಂಡತಿ ನನ್ನ ಹತ್ತಿರ ಆಡಿದ ಕೊನೆಯ ಮಾತು ಇದು. ನಾನು ರೈಲಿಗೆ ಹೊರಟಿದ್ದೆ. ಬಂದು ಹೇಳ್ತೀನಿ ಕಣೇ ಅಂದೆ. ಬರೋ ಹೊತ್ತಿಗೆ ಮನೆ ಮುಂದೆ ಜನ. ಎದೆ ನೋವು ಅಂದಳಂತೆ. ಅಷ್ಟೇ ಅಂತೆ.

ನಾನು ಭದ್ರಾವತಿ ನ್ಯೂ ಟೌನಿನವನು. ಪಂಪು ಕೂರಿಸೋದು, ಕೆಟ್ಟಿದ್ದು ಬಿಚ್ಚೋದು ನನ್ನ ಕೆಲಸ. ಓದಿದ್ದು ಮೂರನೇ ಕ್ಲಾಸು. ಈ ಕೆಲಸ ಹೀಗೇ. ಒಂದು ಮಾಡೋಕೆ ಹೋದರೆ ಇನ್ನೊಂದು ಆಗುತ್ತೆ. ಯಾಕೆ ಅಂತ ಬೇರೆಯವರಿಗೆ ತಿಳಿಯೋಲ್ಲ, ನನಗಂತೂ ತಿಳಿಯೋಲ್ಲ. ಆ ಮಳೆಗಾಲ ಶಿವಮೊಗ್ಗದ ಒಬ್ಬರು ಬೆಲ್ಲದ ಸಾಹುಕಾರರ ಹತ್ತಿರ ಆಗಿದ್ದನ್ನ ಬರೀತೀನಿ.

ಅವರ ಅಂಗಡಿ ಕೆಳಗೆ ನೆಲಮಾಳಿಗೆ. ಅಲ್ಲಿ ಹಲಗೆ ಮೇಲೆ ಆ ವರ್ಷದ ಬೆಲ್ಲವೆಲ್ಲ. ಮಳೆ ಹಿಡಿದರೆ ನೆಲದಲ್ಲಿ ನೀರು ಜಿನುಗುತ್ತೆ. ನೀರು ಹಲಗೆ ಮುಟ್ಟಿದರೆ ಬೆಲ್ಲ ಹೋಯ್ತು. ಸಾಹುಕಾರರು ಮೊದಲೇ ಹೇಳಿದ್ರು: "ಮೇಸ್ತ್ರಿ, ಬೆಲ್ಲ ಕರಗಿದ್ರೆ ನಾನು ಮುಳುಗಿದೆ. ನೀನೂ ಈ ಪೇಟೇಲಿ ಮತ್ತೆ ಪಂಪು ಮುಟ್ಟಂಗಿಲ್ಲ."

೧. ಬೆಲ್ಲ, ನೀರು

ಇದು ಹಿಂದಿನ ದಿನ ಆಗಿದ್ದು. ರಾತ್ರಿ ಮನೇಲಿ ಹೇಳಿದ್ದೆ, ಬೆಳಿಗ್ಗೆ ಹೆಂಡತಿ ಕೇಳಿದ್ದು ಈ ಸಂಗತಿಯನ್ನೇ. ಮೂಲೆಯಲ್ಲಿ ಗುಂಡಿ ತೋಡಿ, ಪಕ್ಕದ ಎತ್ತರದ ಕಟ್ಟೆ ಮೇಲೆ ಕರೆಂಟ್ ಪಂಪು ಕೂರಿಸಿದೆ. ಪೈಪಿನಲ್ಲಿ ಗಾಳಿ ಇದ್ದರೆ ಪಂಪು ಎಳೆಯೋಲ್ಲ. ಮೊದಲು ಅದರೊಳಗೆ ನೀರು ತುಂಬಬೇಕು. ಸ್ವಲ್ಪ ನೀರು ಕೊಡಿ ಅಂದೆ.

ಸಾಹುಕಾರರು ನನ್ನ ಮುಖ ನೋಡಿದ್ರು. "ಗುಂಡಿ ತುಂಬ ನೀರಿಟ್ಕೊಂಡು ನೀರು ಕೇಳ್ತೀಯಲ್ಲೋ!"

"ಅದು ಕೆಸರು. ಪಂಪಿಗೆ ಒಳ್ಳೇ ನೀರು ಬೇಕು."

"ಒಳ್ಳೇ ನೀರು ಕುಡಿಸಿ ಕೆಸರು ಕಕ್ಕಿಸ್ತೀಯಾ?"

ಅವರ ತಾಯಿ, ಎಲ್ಲರೂ ಅವ್ವ ಅಂತಿದ್ರು, ಮೇಲಿಂದ ಕೇಳಿಸಿಕೊಂಡು ನನಗೇ ಬಾಯಾರಿಕೆ ಅಂದುಕೊಂಡರು. ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದರು. ಮನೆಗೆ ಬಂದವರಿಗೆ ಕೊಡೋ ಹಾಗೆ. ನಾನು ಚೊಂಬು ಇಸ್ಕೊಂಡು ಪಂಪಿಗೆ ಸುರಿದೆ.

"ಅಯ್ಯೋ ಮಾರಾಯ, ಕುಡಿಯೋಕೆ ಕೊಟ್ಟೆ!"

"ಕುಡಿಯೋದು ಪಂಪು ಅವ್ವಾ."

ಅವ್ವ ಪಂಪನ್ನ ಒಂದು ಗಳಿಗೆ ನೋಡಿದ್ರು. ಆಮೇಲೆ ಬಗ್ಗಿ ಬೆಲ್ಲದ ಚೂರನ್ನ ಅದರ ಮೇಲಿಟ್ಟರು. "ಹಾಗಾದ್ರೆ ಇದೂ ಅದಕ್ಕೇ. ಬರೀ ನೀರು ಕೊಡಬಾರದು."

೨. ಸದ್ದು

ತಿಥಿ ಮುಗಿಸಿ ಮತ್ತೆ ಹೋದೆ. ಎಲ್ಲಿ ಹೋಗಿದ್ದೆ ಅಂದ್ರು ಸಾಹುಕಾರರು. ಊರಲ್ಲಿರಲಿಲ್ಲ ಅಂದೆ. ಬೋಳಿಸಿದ ತಲೆಗೆ ರುಮಾಲು ಸುತ್ತಿದ್ದೆ, ಯಾಕೆ ಅಂತ ಯಾರೂ ಕೇಳಲಿಲ್ಲ. ಹೇಳೋಕೂ ನನಗೆ ಆಗಲಿಲ್ಲ.

ಕರೆಂಟು ಹೋದರೆ ಏನು ಗತಿ, ಇನ್ನೊಂದು ಪಂಪು ಇರಲಿ ಅಂತ ಸಾಹುಕಾರರ ಮನಸ್ಸಿಗೆ ಬಂದಿತ್ತು. ಎಂಜಿನ್ ಅಂಗಡಿಗೆ ಕರ್ಕೊಂಡು ಹೋದೆ. ಪಂಪು ಜೋಡಿಸಿದ ಎರಡು ಆಯಿಲ್ ಎಂಜಿನ್ ಓಡಿಸಿ ತೋರಿಸಿದ್ರು. ಒಂದು ಮೆತ್ತಗೆ ಓಡಿತು. ಇದೇ ಒಳ್ಳೇದು ಅಂದೆ.

"ಅಲ್ಲ ಮೇಸ್ತ್ರಿ, ನಾನು ಗಲ್ಲಾದಲ್ಲಿ ಕೂತಿರ್ತೀನಿ. ಸದ್ದಿಲ್ಲದೆ ಓಡಿದ್ರೆ ಅದು ಓಡ್ತಿದೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?"

ಜೋರು ಸದ್ದಿನದ್ದೇ ತಂದರು. ಅಂಗಡಿ ಮುಂದೆ ಇಟ್ಟು ಓಡಿಸಿದೆ. ಅದು ಓಡ್ತಿದೆ ಅಂತ ಪೇಟೆಗೆಲ್ಲ ಗೊತ್ತಾಯ್ತು. ಎದುರಿಗೆ ನಿಂತ ಗಿರಾಕಿ ಏನು ಕೇಳ್ತಿದ್ದಾನೆ ಅಂತ ಮಾತ್ರ ಸಾಹುಕಾರರಿಗೆ ಗೊತ್ತಾಗಲಿಲ್ಲ. ಅವನು ಕೇಳಿದ್ದು ಅಚ್ಚು ಬೆಲ್ಲ. ಇವರು ಕೊಟ್ಟಿದ್ದು ಕುರ್ಚಿ.

೩. ಕಳ್ಳರ ಭಯ

ಇಂಥ ಎಂಜಿನ್ನು ಮೇಲೆ, ಬಾಗಿಲ ಹತ್ತಿರ ಇರಬೇಕು. ನಾನು ಹಾಗೆ ಹೇಳಬೇಕಿತ್ತು. ಹೇಳಿದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ. ಆ ದಿನಗಳಲ್ಲಿ ಬಾಯಲ್ಲಿ ಹೇಳಿದ್ದು ಯಾವುದು, ಮನಸ್ಸಲ್ಲೇ ಅಂದುಕೊಂಡಿದ್ದು ಯಾವುದು ತಿಳೀತಿರಲಿಲ್ಲ.

ಸಾಹುಕಾರರು ಕಳ್ಳರಿಗೆ ಹೆದರಿ ಎಂಜಿನ್ನನ್ನ ನೆಲಮಾಳಿಗೆಗೆ ಇಳಿಸಿದ್ರು. ಅದರಲ್ಲೂ ಎಲ್ಲಕ್ಕಿಂತ ತಗ್ಗಿನ ಮೂಲೆಗೆ. ಸರಪಳಿ ಹಾಕಿ ಬೀಗ ಹಾಕಿದ್ರು.

ಒಂದು ಬೆಳಿಗ್ಗೆ ಜೋರು ಮಳೆ. ಕರೆಂಟು ಹೋಯ್ತು. ನಾನು ರೈಲಿಳಿದು ಬರೋ ಹೊತ್ತಿಗೆ ಎಂಜಿನ್ನು ಕತ್ತಿನವರೆಗೆ ಮುಳುಗಿ ಕೂತಿತ್ತು.

"ಸಾಹುಕಾರ್ರೇ, ಇದು ನೀರು ತೆಗೆಯೋದು. ನೀರಲ್ಲಿ ಇಡೋದಲ್ಲ."

"ಕಳ್ಳರು ಮುಟ್ಟಲಿಲ್ಲ ನೋಡು" ಅಂದ್ರು.

ಮೆಟ್ಟಿಲ ಮೇಲಿಂದ ಅವ್ವ ಕೇಳಿದ್ರು: "ಇನ್ನು ಇದನ್ನ ತೆಗೆಯೋಕೆ ಮೂರನೇದು ತರಬೇಕಾ?"

೪. ಪ್ರದಕ್ಷಿಣೆ

ಸದ್ಯ, ನೀರು ಹಲಗೆ ಮುಟ್ಟೋ ಮೊದಲು ಕರೆಂಟು ಬಂತು. ನಾಲ್ಕು ಜನ ಹಮಾಲರು ಎಂಜಿನ್ನು ಎತ್ತಿ ಹೊರಗೆ ತಂದು, ಗೋಡೆ ಪಕ್ಕದ ಚರಂಡಿ ಮೇಲಿನ ಚಪ್ಪಡಿ ಮೇಲೆ ಧಡ್ ಅಂತ ಇಳಿಸಿದ್ರು. ಬಿಚ್ಚಿ, ಒರೆಸಿ, ಒಣಗಿಸಿ ಬಾಗಿಲ ಹತ್ತಿರ ಇಡಿಸಿದೆ. ಓಡಿತು. ಎರಡೂ ಪಂಪು ಹಚ್ಚಿದೆ. ಎರಡರ ನೀರೂ ಆ ಚರಂಡಿಗೇ.

ಮಳೆ ನಿಂತಿತು. ನೀರು ಮಾತ್ರ ಇಳೀಲಿಲ್ಲ. ಒಂದು ದಿನ, ಎರಡು ದಿನ. ಬದಲಿಗೆ ಏರಿ ಹಲಗೆ ಮುಟ್ಟಿತು. ಬೆಲ್ಲದ ಕೆಳಗಿನ ಸಾಲು ಕರಗೋಕೆ ಹತ್ತಿತು. ವಾಷರು ಬದಲಾಯಿಸಿದೆ. ವಾಲ್ವು ಬದಲಾಯಿಸಿದೆ. ಪಂಪಿನದ್ದು ಏನೂ ತಪ್ಪಿಲ್ಲ. ಸಾಹುಕಾರರು ತಲೆ ಮೇಲೆ ಕೈ ಹೊತ್ತು ಕೂತರು. "ತುಂಗೆ ಏನಾದ್ರೂ ದಾರಿ ತಪ್ಪಿ ನಮ್ಮನೆಗೆ ಬಂದ್ಲಾ?" ಇರಬಹುದು ಅನ್ನಿಸಿತು ನನಗೆ. ನನ್ನ ತಲೆ ಅಷ್ಟು ಕೆಟ್ಟಿತ್ತು.

ಮೂರನೇ ದಿನ ಅವ್ವ ಕೆಳಗೆ ಬಂದರು. ಗೋಡೆಯ ಸಂದಿಯಿಂದ ನೀರು ಒಸರ್ತಿತ್ತು. ಬೆರಳು ಒತ್ತಿ ನಾಲಿಗೆಗೆ ಹಚ್ಚಿದ್ರು.

"ಸಿಹಿ ಇದೆ."

"ಬೆಲ್ಲ ಕರಗ್ತಿದೆಯಲ್ಲ ಅವ್ವಾ."

"ಬೆಲ್ಲ ಇರೋದು ಒಳಗೆ. ಹೊರಗಿಂದ ಬರೋ ನೀರಿಗೆ ಬೆಲ್ಲ ಯಾರು ಹಾಕಿದ್ರು?"

ಓಡಿ ಹೊರಗೆ ಹೋದೆ. ಅವತ್ತು ಎಂಜಿನ್ನು ಇಳಿಸಿದ ಏಟಿಗೆ ಬಿರುಕು ಬಿಟ್ಟ ಚಪ್ಪಡಿ ಮುರಿದು ಚರಂಡಿಗೆ ಬಿದ್ದಿತ್ತು. ಚರಂಡಿ ಕಟ್ಟಿಕೊಂಡು, ಬೀದಿ ನೀರಿನ ಜೊತೆ ನಾವು ತೆಗೆದ ನೀರೂ ಅಲ್ಲೇ ನಿಂತು, ಗೋಡೆಯೊಳಗಿಂದ ವಾಪಸು ಬರ್ತಿತ್ತು. ಎರಡು ದನ ನಿಂತು ಚರಂಡಿ ನೆಕ್ತಿದ್ದವು. ಇರುವೆಗಳಂತೂ ಸಾಲುಗಟ್ಟಿ ಜಾತ್ರೆ.

ಅವ್ವ ಸೊಂಟ ಹಿಡ್ಕೊಂಡು ನಕ್ಕರು. "ಅಲ್ಲ ಮಾರಾಯ, ಮೂರು ದಿನದಿಂದ ಅದೇ ನೀರಿಗೆ ಪ್ರದಕ್ಷಿಣೆ ಹಾಕಿಸ್ತಿದ್ದೀಯಲ್ಲ! ಅದಕ್ಕೇನು ಹರಕೆ ಇತ್ತಾ?"

ಸಾಹುಕಾರರೂ ನಕ್ಕರು, ಅಳೋ ಮುಖದಲ್ಲೇ. "ಮನೆಗೆ ಹೋಗಿ ನಿನ್ನ ಹೆಂಡ್ತಿಗೆ ಹೇಳು, ನಗ್ಲಿ ಪಾಪ" ಅಂದ್ರು ಅವ್ವ.

ಸಾಯಂಕಾಲ ಮನೆ ಬಾಗಿಲು ತೆಗೆದೆ. ಹೇಳೋಕೆ ಬಾಯಿ ತೆಗೆದೆ. ಒಳಗೆ ಯಾರೂ ಇಲ್ಲ. ಆದರೂ ಶುರುವಿಂದ ಹೇಳಿದೆ, ನಿಂತೇ. ಹರಕೆ ಅನ್ನೋ ಹೊತ್ತಿಗೆ ನನಗೇ ನಗು ಬಂತು. ಇದೇನು, ನಗ್ತಿದ್ದೀನಲ್ಲ ಅಂತ ಗಾಬರಿಯಾಯ್ತು.

ಮಾರನೇ ದಿನ ಬೆಳಿಗ್ಗೆ ಉದ್ದನೆಯ ಪೈಪು ತಗೊಂಡು ಹೋದೆ. ರಸ್ತೆ ಆಚೆಯ ದೊಡ್ಡ ಚರಂಡಿಗೆ ಬಿಟ್ಟೆ. ಹನ್ನೊಂದು ಗಂಟೆಗೆ ನೆಲ ಕಂಡಿತು. ಸಾಹುಕಾರರು ಒಂದೊಂದೇ ಬೆಲ್ಲ ತಟ್ಟಿ ನೋಡಿದ್ರು. ಕೆಳಗಿನ ಸಾಲು ಹೋಗಿತ್ತು. ಉಳಿದದ್ದೆಲ್ಲ ಗಟ್ಟಿ.

ಅವ್ವ ಮೆಟ್ಟಿಲ ಮೇಲೆ ಕೂತು ಕೇಳಿದ್ರು. "ಹೆಂಡ್ತಿಗೆ ಹೇಳಿದ್ಯಾ?"

"ಹೇಳಿದೆ ಅವ್ವಾ."

"ಒಂದು ದಿನ ಕರ್ಕೊಂಡು ಬಾರೋ ಅವಳನ್ನ. ಇಬ್ಬರೂ ಕೂತು ನಿನ್ನ ನೋಡಿ ನಗ್ತೀವಿ."

ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು, ಆಗ ಹೇಳಿದೆ.